ಉದ್ದ ತೋಳಿನ ಅಂಗಿ

ಮುಹರ್ರಕ್‌ನ ಹಳೇ ಗಲ್ಲಿ, ಚೌಕಟ್ಟು ಕಟ್ಟುವ ಅಂಗಡಿಯ ಹಿಂಬದಿ.
ಎಸಿ ಕೆಮ್ಮುತ್ತದೆ. ಮೇಜಿನ ಮೇಲೆ ಅಂಗಾತ ಮಲಗಿದ್ದಾನೆ
ಒಂಬತ್ತು ವರ್ಷದ ಹುಡುಗ,
ತೊಂಬತ್ತು ವರ್ಷದಿಂದ ಒಂಬತ್ತೇ.

ಬೊಂಬಾಯಿಯಿಂದ ಬಂದ ಯಾರೋ ಬರೆದದ್ದಂತೆ. ಸಹಿಯನ್ನು ಹುಳು ತಿಂದಿದೆ.
ಮುನೀರಾ ಮೇಡಂ ಚೀಟಿ ಕಳಿಸಿದ್ದಾರೆ, ಎಲ್ಲೆಲ್ಲಿ ಹುಷಾರು ಎಂದು:
ಸೀಳಿದ ದಾಳಿಂಬೆ, ಮನೆತನದ ಸಮೃದ್ಧಿ.
ಮುಚ್ಚಿದ ಪುಸ್ತಕ, ಕಂಠದಲ್ಲಿ ನಿಂತ ವಿದ್ಯೆ.
ಬಲ ಅಂಗೈಯ ಮುತ್ತು ಅವನೇ.
ವರ್ತಕರ ಮಜ್ಲಿಸ್‌ನಲ್ಲಿ ನಿಲ್ಲಿಸಿದರೆ ಸಾಕಂತೆ,
ಕಣ್ಣಲ್ಲೇ ತೂಗಿ ಬೆಲೆ ಹೇಳುತ್ತಿದ್ದನಂತೆ,
ಆಮೇಲೆ ತಕ್ಕಡಿ ಹೌದೆನ್ನುತ್ತಿತ್ತಂತೆ.

ಹತ್ತಿಯ ತುದಿಗೆ ಎಂಜಲು ಹಚ್ಚಿ ಒರೆಸುತ್ತೇನೆ.
ಹಳೇ ಹೊಗೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಮೂರನೇ ದಿನ ಜರಿಯಂಚು ಹೊಳೆಯಿತು. ತೋಳು ಉದ್ದ.
ಎರಡು ಮಡಿಕೆ, ಮಡಿಕೆಯೊಳಗೆ
ಒಂದೇ ಕೂದಲಿನ ಕುಂಚದಲ್ಲಿ ಬರೆದ ಗುಂಡುಸೂಜಿ.
ಕಾಲ ಬಳಿ ನೆರಳು ಎಂದುಕೊಂಡದ್ದು ಬರಿಗಾಲು.
ಹಿಮ್ಮಡಿಯ ಬಿರುಕಿನಲ್ಲಿ ಬಿಳಿ, ಉಪ್ಪಿನ ಬಿಳಿ.
ಎಡಗೈ ಮುಷ್ಟಿಗೆ ಯಾರೋ ಆಮೇಲೆ ಕಂದು ಬಳಿದಿದ್ದರು,
ಅದು ತಾನಾಗೇ ಹಕ್ಕಳೆ ಎದ್ದು ಉದುರಿತು:
ಬೆರಳ ಸಂದಿಯಲ್ಲಿ ಕೊಂಬಿನ ಚಿಮಟ, ದಾರ ಕಟ್ಟಿದ್ದು,
ಸಮುದ್ರದಡಿಗೆ ಇಳಿಯುವವರು ಮೂಗಿಗೆ ಸಿಕ್ಕಿಸುವಂಥದು.
ಅಪ್ಪನದಿರಬೇಕು.
ಚೀಟಿಯಲ್ಲಿ ಇದಕ್ಕೆ ಅರ್ಥ ಬರೆದಿಲ್ಲ.

ಗಂಗೊಳ್ಳಿ ಬಂದರಿನಲ್ಲಿ ನನ್ನನ್ನೂ ಮೀನಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿದ್ದರು.
ನೂರ ಮೂವತ್ತೇಳು ಬುಟ್ಟಿ ಬಂಗುಡೆ, ಬುಟ್ಟಿಗೆ ಹದಿನೆಂಟೂವರೆ,
ಹೇಳ್ ಮಾಣಿ!
ಎರಡು ಸಾವಿರದ ಐನೂರ ಮೂವತ್ತನಾಲ್ಕೂವರೆ.
ಚಪ್ಪಾಳೆ. ಪೇಪರಿನವರು ಬಂದ ದಿನ
ಸಾಹುಕಾರರ ಮಗನ ಅಂಗಿ ತೊಡಿಸಿದರು, ಸಂಜೆ ಬಿಚ್ಚಿಸಿಕೊಂಡರು.
ಲೆಕ್ಕ ಮಾತ್ರ ಮೈಮೇಲೆ ಉಳಿಯಿತು.
ಈಗಲೂ ಗಾಜು ಕತ್ತರಿಸುವಾಗ ಅಳತೆಪಟ್ಟಿ ಹಿಡಿಯುವುದಿಲ್ಲ ನಾನು.

ಹುಡುಗ ಮುತ್ತನ್ನು ನೋಡುತ್ತಿಲ್ಲ. ನಮ್ಮನ್ನೂ ಅಲ್ಲ.
ತಕ್ಕಡಿಯ ಖಾಲಿ ತಟ್ಟೆಯನ್ನು ನೋಡುತ್ತಿದ್ದಾನೆ,
ಅದರಲ್ಲಿ ಏನು ಇಡಬೇಕಿತ್ತು ಎಂದು ಗೊತ್ತಿರುವವನ ಹಾಗೆ.
ತುಟಿ ಬಿಗಿದಿದೆ.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು,
ನಮ್ಮಮ್ಮ ಹೇಳುತ್ತಿದ್ದ ಗಾದೆ ಇವನಿಗೆ ಯಾರು ಹೇಳಿದರೋ.
ಆ ಬೊಂಬಾಯಿಯವನೂ ಆಡಲಿಲ್ಲ. ಸೂಜಿ ಬರೆದ, ಕೂಲಿ ಎಣಿಸಿಕೊಂಡ,
ಹಡಗು ಹತ್ತಿದ.

ನಾಳೆ ಸಾಗಿಸುವ ಗಾಡಿ ಬರುತ್ತದೆ.
ಕಂದು ಬಣ್ಣದ ಡಬ್ಬಿ ಕೈಗೆಟಕುವಲ್ಲೇ ಇದೆ,
ಮುಚ್ಚಳ ತೆಗೆಯಲಿಲ್ಲ.
ರಸೀತಿಯ ಹಿಂದೆ ನನ್ನ ಅರೆಬರೆ ಅರಬ್ಬಿಯಲ್ಲಿ ಬರೆಯುತ್ತೇನೆ:
ಮೇಡಂ, ತೋಳು ನೋಡಿ.
ಆಮೇಲೆ ಎಡಗೈ.