ದಮ್ ಹಿಡಿಯುವವನು

ಗ್ಯುಮ್ರಿಯ ಕಪ್ಪು ಕಲ್ಲಿನ ಆಸ್ಪತ್ರೆಯಲ್ಲಿ
ಮೂರನೇ ಸಲ ಬಾಯಿ ತೆರೆದು ಕೂತಿದ್ದೇನೆ.
ಡಾಕ್ಟರ್ ಶುಶಾನಿಕ್ ಒಸಡಿನ ಅಂಚಿಗೆ ಕಡ್ಡಿ ಇಳಿಸಿ
ಅಳೆಯುತ್ತಾಳೆ: ಮೂರು, ನಾಲ್ಕು, ಏಳು.
ಏಳು ಎನ್ನುವಾಗ ದನಿ ತಗ್ಗುತ್ತದೆ,
ಸಾವಿನ ಮನೆಯ ಮೆಟ್ಟಿಲು ಹತ್ತುವವರ ಹಾಗೆ.

ನಲವತ್ತೊಂದು ವರ್ಷ ದುದುಕ್ ಊದಿದವನು ನಾನು.
ರಾಗ ನನ್ನದಲ್ಲ, ಭಾವಮೈದುನ ಗೆಘಾಮನದು.
ನನ್ನದು ದಮ್: ಕೆಳಗಿನ ಒಂದೇ ಸ್ವರ.
ಕೆನ್ನೆಯಲ್ಲಿ ಗಾಳಿ ಕೂಡಿಟ್ಟು, ಮೂಗಿನಲ್ಲಿ ಎಳೆದು
ಎಲ್ಲೂ ಹರಿಯದಂತೆ ಹಿಡಿಯುವುದು.
ಮದುವೆಗೂ ಅದೇ, ಹೆಣಕ್ಕೂ ಅದೇ.
ಈಗ ಮುಂದಿನ ಹಲ್ಲು ಅಲ್ಲಾಡುತ್ತದೆ,
ಜೊಂಡಿನ ಪಕ್ಕದಿಂದ ಸ್ವರ ಸೋರುತ್ತದೆ,
ಬೆಳಿಗ್ಗೆ ದಿಂಬಿನ ಮೇಲೆ ತುಕ್ಕಿನ ಬಣ್ಣ.

ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದಳು.
“ಎಳೆಗಳು ಬೂಷ್ಟು. ಚುಕ್ಕೆಗಳು ಬ್ಯಾಕ್ಟೀರಿಯಾ.”
ಒದ್ದೆ ಉಣ್ಣೆಗೆ ಗಸಗಸೆ ಮೆತ್ತಿದ ಹಾಗಿತ್ತು.
“ಈ ಚುಕ್ಕೆಗಳಿಗೆ ಗಾಳಿ ಆಗಿಬರದು.
ಬೂಷ್ಟು ಸುತ್ತಲ ಗಾಳಿಯನ್ನು ತಿಂದು ಮುಗಿಸುತ್ತದೆ,
ಆ ಉಸಿರಿಲ್ಲದ ಕೋಣೆಯಲ್ಲಿ ಇವು ಸಂಸಾರ ಹೂಡುತ್ತವೆ.
ಒಂದೊಂದೇ ಇದ್ದಿದ್ದರೆ
ನಿಮ್ಮ ಒಸಡು ತಡೆದುಕೊಳ್ಳುತ್ತಿತ್ತೇನೋ, ವರಜ್ದಾತ್.”

ಹತ್ತಿ ತುಂಬಿದ ಬಾಯಲ್ಲೇ ನಗು ಬಂತು.
ಜೀವಮಾನವಿಡೀ ಗಾಳಿ ಸಾಗಿಸಿದ ದಾರಿ,
ಅದರ ಮಗ್ಗುಲಲ್ಲೇ ಗಾಳಿ ಹೊಗದ ನೆಲಮಾಳಿಗೆ!

“ರೋಗಕ್ಕೆ ಯಾರ ಹೆಸರು ಹೇಳುತ್ತೀರಿ?”
“ಹೆಚ್ಚಾಗಿ ಬ್ಯಾಕ್ಟೀರಿಯಾದ್ದೇ.
ಬೂಷ್ಟಿನ ಕಡೆ ನೋಡತೊಡಗಿದ್ದು ಈಚೆಗೆ.”
ಗೊತ್ತು ನನಗೆ. ಪೋಸ್ಟರಿನಲ್ಲಿ ಗೆಘಾಮನ ಮೀಸೆ,
ಗೆಘಾಮನ ಹೆಸರು; ನಾನು ‘ಮತ್ತು ಸಂಗಡಿಗರು’.
ಒಂದು ಕ್ಷಣ, ದೇವರು ಕ್ಷಮಿಸಲಿ,
ಆ ಬೂಷ್ಟಿನ ಮೇಲೆ ಅಭಿಮಾನ ಹುಟ್ಟಿತು.

ಆಮೇಲೆ ಅವಳು ಕೆರೆದಳು.
ತಳ ಹಿಡಿದ ಬಾಣಲೆ ಉಜ್ಜುವ ಸದ್ದು, ಬುರುಡೆಯೊಳಗೆ.
ಉಗಿದದ್ದು ಕೆಂಪು, ಎಳೆ ಎಳೆ.
“ಒಂದು ತಿಂಗಳು ಊದಬೇಡಿ.”

ಶನಿವಾರ ಯಾರದೋ ಅಂಗಳದಲ್ಲಿ
ಗೆಘಾಮ್ ಒಬ್ಬನೇ ಊದಿದ.
ಬೇಲಿಯಾಚೆ ನಿಂತು ಕೇಳಿದೆ.
ಬೆರಳು ಸರಿ, ಉಸಿರು ಸರಿ,
ರಾಗ ಮಾತ್ರ ಕತ್ತಲಲ್ಲಿ ಮೆಟ್ಟಿಲಿಳಿಯುತ್ತ
ಕೆಳಗೆ ನೆಲವಿದೆಯೇ ಎಂದು ಕಾಲಲ್ಲಿ ತಡಕುತ್ತಿತ್ತು.
ನಾಲಗೆ ತಾನಾಗಿ ಸಡಿಲ ಹಲ್ಲಿಗೆ ಒತ್ತಿಕೊಂಡಿತು.
ಬಾಯಿ ಮುಚ್ಚಿ, ಮೂಗಿನಲ್ಲೇ, ಮೆಲ್ಲಗೆ
ದಮ್ ಹಿಡಿದೆ.
ಅವನಿಗೆ ಕೇಳಿಸಿರಲಾರದು.