ಇಲ್ಲಿ ಬರೆಯದ ಅಂಕಿ

ಚೋಮಾದ ಹೆದ್ದಾರಿ ಪಕ್ಕ, ಹಳದಿ ಬಳಿದ ಡಬ್ಬಿಯಂಗಡಿಯಲ್ಲಿ
ಫೋನಿನ ದುಡ್ಡು ಬಿಡಿಸಿಕೊಡುವ ಹುಡುಗ ಕೇಳುತ್ತಾನೆ:
ನಂಬರು ಹೇಳಕ್ಕಾ, ನಾನೇ ಒತ್ತುತ್ತೇನೆ.
ಮುತಿಂತಾ ಹೇಳುತ್ತಾಳೆ. ಆರು. ಸೊನ್ನೆ. ಎರಡು. ಒಂಬತ್ತು.
ಸಾಲಲ್ಲಿ ನಿಂತವರು, ಜೋಳದ ತೆನೆ ಸುಡುವವಳು,
ಅವಳ ಬೆನ್ನಿಗೆ ಕಟ್ಟಿಕೊಂಡ ಕೂಸು,
ಎಲ್ಲರಿಗೂ ಕೇಳಿಸುತ್ತದೆ.
ನಾಲ್ಕಂಕಿಯ ಗುಟ್ಟು, ನಾಲ್ಕೂರಿಗೆ ಗೊತ್ತು.

ತಿಂಗಳಿಗೊಮ್ಮೆ ಬದಲಿಸುತ್ತಾಳೆ.
ಬದಲಿಸಲಿಕ್ಕೂ ಮತ್ತೊಬ್ಬರಿಗೆ ಹೇಳಬೇಕು.
ಪರದೆಯನ್ನು ಓದಿ ಹೇಳುವ ದನಿ ಅವಳ ಫೋನಿನಲ್ಲಿದೆ ನಿಜ,
ಆದರೆ ಆ ಬ್ಯಾಂಕಿನ ಪುಟಕ್ಕೆ ಬಂದರೆ ಅದಕ್ಕೆ ಕಾಣುವುದಿಷ್ಟೇ:
ಗುಂಡಿ. ಗುಂಡಿ. ಹೆಸರಿಲ್ಲದ ಗುಂಡಿ.
ಒತ್ತುವುದೋ ಬೀಳುವುದೋ
ಯಾರು ಬಲ್ಲರು.

ನಮ್ಮ ಸಂಘದ ಕಚೇರಿ ಕೋಳಿ ಮೇವಿನಂಗಡಿಯ ಹಿಂದೆ.
ಎರಡು ಕುರ್ಚಿ. ಒಂದು ನನಗೆ ಬೇಡ,
ನಾನು ಕೂತೇ ಬರುತ್ತೇನೆ, ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಮೇಲೆ.
ಅಲ್ಲಿಗೇ ಬಂತು ಸುದ್ದಿ:
ಅಂಗವಿಕಲರ ಪರ ದುಡಿಯುವವರಿಗೆ ವಿದ್ಯಾರ್ಥಿವೇತನ,
ಪರದೆಗಳ ತಪ್ಪು ಹಿಡಿಯುವ, ತಿದ್ದಿಸುವ ತರಬೇತಿ,
ಪರೀಕ್ಷೆಯ ಶುಲ್ಕ, ಲುಸಾಕಾದಲ್ಲಿ ಊಟ ವಸತಿ ಎಲ್ಲ ಅವರದೇ.
ಪ್ರಾಂತ್ಯಕ್ಕೆ ಒಂದೇ ಸೀಟು.
ಇಬ್ಬರೂ ಅರ್ಜಿ ಹಾಕಿದೆವು, ಒಂದೇ ಮೇಜಿನ ಮೇಲೆ.

ಅಂಗವೈಕಲ್ಯದ ಪ್ರಮಾಣಪತ್ರ ಸ್ಕ್ಯಾನು ಮಾಡಿಸುವಾಗ
ಜೆರಾಕ್ಸಿನವನು ನಕ್ಕ: ಸರ್ಕಾರದ ಮೊಹರು ತಲೆಕೆಳಗಾಗಿದೆಯಲ್ಲ.
ಬಿಡು, ಅಂದಳು, ಯಾವ ಕಡೆಯಿಂದ ಹಿಡಿದರೂ ನಾನು ಕುರುಡಿಯೇ.

ಈ ತರಬೇತಿ ನಿಮಗೇಕೆ ಬೇಕು? ಐನೂರು ಪದ ಮೀರದಂತೆ.
ನಾನು ನಾನೂರ ತೊಂಬತ್ತೆಂಟು ಬರೆದೆ,
ಹಕ್ಕು ಹನ್ನೊಂದು ಸಲ, ಸಬಲೀಕರಣ ನಾಲ್ಕು.
ಅವಳು ಟೈಪು ಮಾಡಿದ್ದು ಒಂದು ಸಾಲು:
ನನಗೊಂದು ಗುಟ್ಟು ಬೇಕು.
ಇಷ್ಟೇನಾ, ಅಂದೆ.
ಉಳಿದ ಪದ ನೀನಿಟ್ಟುಕೋ, ಅಂದಳು.

ಜೂನಿನ ಚಳಿಯಲ್ಲಿ ನನ್ನ ಉತ್ತರ ಬಂತು.
ವಿಷಾದದಿಂದ ತಿಳಿಸುತ್ತೇವೆ. ಮೀಸಲು ಪಟ್ಟಿಯಲ್ಲಿ ನೀವೇ ಮೊದಲು.
ಎಷ್ಟು ಅಚ್ಚುಕಟ್ಟು! ಶೀರ್ಷಿಕೆ ಶೀರ್ಷಿಕೆಯಾಗಿ, ಸಾಲು ಸಾಲಾಗಿ,
ಅವಳ ಲ್ಯಾಪ್‌ಟಾಪು ಒಂದೂ ಕಡೆ ಎಡವದೆ ಓದಿತು,
ಎರಡೂ ಕಣ್ಣಿರುವ ನನಗೆ.

ಅವಳಿಗೇನೂ ಬರಲಿಲ್ಲ.
ಬಂದದ್ದೊಂದು ಚಿತ್ರವಂತೆ. ಚಿತ್ರ, ಅಂದು ಸುಮ್ಮನಾಯಿತಂತೆ ಫೋನು.
ಚರ್ಚಿನ ಗುಂಪಿನವರು ದಿನಾ ಬೆಳಿಗ್ಗೆ ಗುಲಾಬಿ ಕಳಿಸುತ್ತಾರಲ್ಲ,
ಅದೇ ಇರಬೇಕೆಂದು ಬಿಟ್ಟಿದ್ದಳು, ಒಂಬತ್ತು ದಿನ.

ಒಂಬತ್ತನೆಯ ದಿನ ನೋಡು ಹಮೂಂಗಾ, ಅಂತ ಕೈಗಿಟ್ಟಳು.
ನೋಡಿದೆ.
ಅಭಿನಂದನೆಗಳು. ಸುತ್ತ ಬಂಗಾರದ ಅಂಚು.
ಒಪ್ಪಿಗೆ ತಿಳಿಸಲು ಕೊನೆಯ ದಿನ ನಾಳೆ.

ಜೋಳದ ಲಾರಿಯೊಂದು ಹೆದ್ದಾರಿಯಲ್ಲಿ
ಗೇರು ಬದಲಿಸಿ ದಿಬ್ಬ ಹತ್ತಿ ಇಳಿಯುವಷ್ಟು ಹೊತ್ತು
ನನ್ನ ಹತ್ತಿರವೂ ಒಂದು ಗುಟ್ಟಿತ್ತು.
ಗುಲಾಬಿ ಅಂದಿದ್ದರೆ ಮುಗಿದಿತ್ತು.
ಆ ಪದ ಬಾಯಿಯ ತನಕ ಬಂದಿತ್ತು, ಸುಳ್ಳೇಕೆ.

ಆಮೇಲೆ ಓದಿದೆ. ಅಂಚಿನ ಬಣ್ಣವನ್ನೂ ಬಿಡದೆ.

ಅಷ್ಟು ಹೊತ್ತು ಯಾಕೆ ಸುಮ್ಮನಿದ್ದೆ?
ಅಕ್ಷರ ಸಣ್ಣದಿತ್ತು, ಅಂದೆ.
ಹೂಂ, ಅಂದಳು. ಅವಳ ಹೂಂಗಳಲ್ಲಿ
ಇದು ಯಾವುದೆಂದು ನನಗಿನ್ನೂ ತಿಳಿದಿಲ್ಲ.

ಅಲ್ಲೇ ಕೂತು ಉತ್ತರ ಬರೆದಳು:
ಒಪ್ಪಿದ್ದೇನೆ. ನಿಮ್ಮ ಪತ್ರಕ್ಕೆ ಬಾಯಿರಲಿಲ್ಲ.
ಮೊದಲ ಪಾಠ ಅಲ್ಲಿಂದಲೇ ಶುರುವಾಗಲಿ.

ಬಸ್ಸಿನ ದಿನ, ಚೀಲ ಮೇಲೇರಿದ ಮೇಲೆ,
ಕೆಳಗೆ ಬಗ್ಗಿ, ನನ್ನ ಗಾಲಿಯ ಹಿಡಿಗೆ ಕೈಯೂರಿ ಹೇಳಿದಳು:
ನಂಬರು ಬದಲಿಸಿಕೊಡು.
ಸುತ್ತ ನಿರ್ವಾಹಕರ ಕೂಗು, ಕೋಳಿ, ಕಿತ್ತಳೆ ಮಾರುವವರು.
ನನ್ನ ಕಿವಿಗೆ ಬಾಯಿಟ್ಟು ನಾಲ್ಕು ಅಂಕಿ ಹೇಳಿದಳು.
ಒತ್ತಿದೆ.

ಅವಳು ಕಲಿತು ಬರುವ ತನಕ ಅದು ನನ್ನಲ್ಲಿದೆ.
ಇಲ್ಲಿ ಬರೆಯುವುದಿಲ್ಲ.