ಮುಳ್ಳು ತೆಗೆದ ಪುಟ

ಗ್ರಿಮ್ಸ್‌ಬಿಯ ಗ್ರಂಥಾಲಯ, ಮಂಗಳವಾರ ಬೆಳಿಗ್ಗೆ.
ಮೂರನೇ ಕಂಪ್ಯೂಟರಿನ ಮುಂದೆ ಬೆರಿಲ್ ಏಕೆಸ್ಟರ್.
ಕೋಟು ಬಿಚ್ಚಿಲ್ಲ. ಕೈಚೀಲದಿಂದ ತೆಗೆದು ಹರವಿದಳು
ಹನ್ನೊಂದು ಹಾಳೆ, ಎರಡೂ ಮಗ್ಗುಲಿಗೆ ನೀಲಿ ಶಾಯಿ.
"ಹೇಳಿ ಕಳಿಸಿದ್ದಾರೆ, ಒಂದೇ ಪುಟ ಸಾಕಂತೆ."

ಸಾಕು ಎಂದೆ. ನನ್ನ ಕೆಲಸವೇ ಅದು,
ವಾರಕ್ಕೆರಡು ದಿನ, ಸಂಬಳವಿಲ್ಲ:
ಊರವರ ಆಯುಷ್ಯವನ್ನು ಒಂದು ಹಾಳೆಗೆ ಇಳಿಸುವುದು.
ಓದುವವನಿಗೆ ಪುರುಸೊತ್ತಿಲ್ಲ, ವಿವರಿಸಿದೆ,
ಒಂದು ಕಪ್ ಚಹಾ ಆರುವಷ್ಟರಲ್ಲಿ
ಅರವತ್ತು ಜನರನ್ನು ಮಗುಚಿ ಹಾಕುತ್ತಾನೆ.

ಶುರುಮಾಡಿದೆವು.
ಶಾಲೆಯಲ್ಲಿ ಈಜಿ ಗೆದ್ದ ಪದಕ, ತೆಗೆದೆ.
ಹದಿನಾರಕ್ಕೆ ಮೀನುಕಟ್ಟೆಗೆ ಬಂದ ದಿನ ಕೊರೆದ ಚಳಿ,
ಮೊದಲ ವಾರವೇ ಹೆಬ್ಬೆರಳಿಗೆ ಬಿದ್ದ ಏಳು ಹೊಲಿಗೆ, ತೆಗೆದೆ.
ಮೇಸ್ತ್ರಿ ನಾರ್ಮನ್ನನ ಬೈಗುಳ, ಅವನ ಒಳ್ಳೆಯತನ,
ಎರಡನ್ನೂ ತೆಗೆದೆ.
ಮೂವತ್ತೆಂಟು ವರ್ಷ ಹ್ಯಾಡಾಕ್ ಸೀಳಿದ್ದು
ಒಂದು ಸಾಲಾಯಿತು.
ನಡುನಡುವೆ ಬಾಗಿಲು ಮುಚ್ಚಿದ ನಾಲ್ಕು ಕಂಪನಿ
ಅಲ್ಪವಿರಾಮದ ಹಿಂದೆ ಅಲ್ಪವಿರಾಮ ಸರತಿ ನಿಂತವು.

"ಶ್ರಮಜೀವಿ ಅಂತ ಹಾಕಲೇ?"
ಬೇಡ, ಎಲ್ಲರೂ ಹಾಕುತ್ತಾರೆ.
ನಿಮಿಷಕ್ಕೆಷ್ಟು ಮೀನು, ಅದನ್ನು ಹೇಳಿ.
ಆಕೆ ಕಣ್ಣು ಮುಚ್ಚಿದಳು. ಬಲಗೈ ಗಾಳಿಯಲ್ಲಿ
ಕಿವಿರಿನ ಹಿಂದಿನಿಂದ ಬಾಲದವರೆಗೆ ಜಾರಿತು,
ಮಗುಚಿತು, ಮತ್ತೆ ಜಾರಿತು.
"ನಾಲ್ಕು," ಎಂದಳು. "ಸೋಮವಾರ ಮೂರು."

ಆಮೇಲೆ ಆ ತೆರಪು.
ಎರಡು ವರ್ಷ, ಯಾವ ಕಂಪನಿಯೂ ಇಲ್ಲ.
ತೆರಪು ಕಂಡರೆ ಅವರಿಗೆ ಅನುಮಾನ. ಎಲ್ಲಿದ್ದಿರಿ?
"ಗಂಡನ ಮೊದಲ ಹೆಂಡತಿಯನ್ನು ನೋಡಿಕೊಂಡೆ.
ಅವಳಿಗೆ ಬೇರೆ ಯಾರೂ ಇರಲಿಲ್ಲ. ಅವನೋ, ಅಷ್ಟರಲ್ಲಿ
ಮೂರನೆಯವಳ ಜತೆ ಕ್ಲೀಥಾರ್ಪ್ಸ್ ಸೇರಿದ್ದ."
ಹನ್ನೊಂದು ಹಾಳೆಯಲ್ಲಿ ಐದು ಅದೇ:
ವಿನಿಫ್ರೆಡ್ ಗಂಜಿ ಉಗುಳಿದ್ದು, ಬೈದದ್ದು,
ಒಂದು ರಾತ್ರಿ ಇಬ್ಬರೂ ಅವನ ಗೊರಕೆಯನ್ನು ಅಣಕಿಸಿ
ನಕ್ಕು ನಕ್ಕು ಹಾಸಿಗೆ ಒದ್ದೆಯಾದದ್ದು.

ಅಳಿಸುವ ಕೀಲಿಯ ಮೇಲೆ ನನ್ನ ಬೆರಳು ನಿಂತಿತು.
ಸಾಸಿವೆಯಲ್ಲಿ ಸಾಗರ ಅಡಗಿಸಬಹುದು ಅನ್ನುತ್ತಾರೆ.
ಸಾಗರವನ್ನು ಯಾರೂ ಕೇಳಿದಂತಿಲ್ಲ.

"ಸಂಕೋಚ ಯಾಕೆ ಮಗಾ,
ಮುಳ್ಳು ತೆಗೆಯುವುದು ನನಗೆ ಗೊತ್ತಿಲ್ಲವೇ?
ಕೈ ನಡುಗಬಾರದು, ಅಷ್ಟೇ. ನಡುಗಿದರೆ ಮಾಂಸ ಹೋಗುತ್ತದೆ.
ಮತ್ತೆ, ಮುಳ್ಳನ್ನು ಯಾರೂ ಎಸೆಯುವುದಿಲ್ಲ.
ತಲೆ, ಬೆನ್ನೆಲುಬು, ಎಲ್ಲ ಮನೆಗೆ ಒಯ್ಯುತ್ತಿದ್ದೆವು,
ಸಾರಿಗೆ."

ಬರೆದೆ: ಆರೈಕೆ, ಎರಡು ವರ್ಷ.
ಆಕೆ ಬಾಗಿ, ಒಂಟಿ ಬೆರಳಲ್ಲಿ ಅಕ್ಷರ ಹುಡುಕುತ್ತ
ಸೇರಿಸಿದಳು: ರಾತ್ರಿ ಪಾಳಿಯೂ.

ಪುಟ ತುಂಬಲಿಲ್ಲ. ಕೆಳಗೆ ಮೂರು ಬೆರಳು ಜಾಗ.
ಹವ್ಯಾಸ ಹಾಕೋಣವೇ?
"ಇರಲಿ ಬಿಡು, ಉಸಿರಾಡಲಿ."

ಪ್ರಿಂಟಿಗೆ ಹತ್ತು ಪೆನ್ನಿ ಎಣಿಸಿ ಕೊಟ್ಟಳು.
ಹನ್ನೊಂದನ್ನೂ ಮಡಿಸಿ ಚೀಲದ ತಳಕ್ಕಿಟ್ಟು,
ಒಂದನ್ನು ಎರಡು ಕೈಯಲ್ಲಿ, ತಟ್ಟೆಯಂತೆ, ಹಿಡಿದು
ಬಾಗಿಲ ತನಕ ಹೋಗಿ ತಿರುಗಿದಳು:
ಬಸ್ಸಿನಲ್ಲಿ ಮುದುಡದಂತೆ ಏನಾದರೂ ಇದೆಯೇ?

ಕಿತ್ತುಹೋದ ಮಕ್ಕಳ ಪುಸ್ತಕದ ರಟ್ಟೊಂದಿತ್ತು, ಕೊಟ್ಟೆ.
ನಾಳೆಯೇ ತಂದುಕೊಡುತ್ತೇನೆ ಎಂದಳು.
ಮೂರು ವಾರವಾಯಿತು. ತಂದಿಲ್ಲ.